ಮಿಕ್ಸರ್ ಎಳೆದರೆ ಬಿಸಿಯೇರುವ ಪಿಕಪ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಉಜಿರೆಯ ಸದಸ್ಯ: ನನ್ನದು 2016ರ ಡೀಸೆಲ್ ಪಿಕಪ್. ಖಾಲಿ ಓಡಿಸಿದರೆ ತೊಂದರೆಯಿಲ್ಲ. ಹಿಂದೆ ಕಾಂಕ್ರೀಟ್ ಮಿಕ್ಸರ್ ಕಟ್ಟಿ ಚಾರ್ಮಾಡಿ ಹತ್ತಿದರೆ ಅರ್ಧ ದಾರಿಗೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ವಾರಕ್ಕೆ ಅರ್ಧ ಲೀಟರ್ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಕಡಿಮೆಯಾಗುತ್ತದೆ, ಕೆಳಗೆ ಹನಿಯೂ ಬಿದ್ದಿಲ್ಲ. ರೇಡಿಯೇಟರ್ ಬದಲಿಸಲೇ?

ಮೆಕ್ಯಾನಿಕ್: ಈಗಲೇ ರೇಡಿಯೇಟರಿಗೆ ಹಣ ಸುರಿಯಬೇಡಿ. ಏರಿನಲ್ಲಿ ಮಾತ್ರ ಕಾಯುತ್ತದೆ ಎಂದಷ್ಟೇ ಬರೆದಿದ್ದರೆ ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ ಫ್ಯಾನ್ ಕ್ಲಚ್ ನೋಡಿ ಎಂದು ಸುಮ್ಮನಾಗುತ್ತಿದ್ದೆ. ಘಟ್ಟದಲ್ಲಿ ಗಾಡಿ ನಿಧಾನ, ಎದುರುಗಾಳಿ ಕಡಿಮೆ, ಎಂಜಿನ್ ಮಾತ್ರ ಮೈಮುರಿದು ದುಡಿಯುತ್ತಿರುತ್ತದೆ. ಆಗ ಕ್ಲಚ್ ಜಾರಿ ಫ್ಯಾನ್ ಸೋಮಾರಿಯಾದರೆ ಮುಳ್ಳು ಏರಲೇಬೇಕು. ರೇಡಿಯೇಟರಿನ ಮುಂದೆ ಹುಲ್ಲು, ಅಡಿಕೆ ಸಿಪ್ಪೆಯ ನಾರು ತುಂಬಿದ್ದರೂ ಅದೇ ಗತಿ. ನನಗೆ ಹೆದರಿಕೆ ಹನಿ ಬೀಳದೆ ಮಾಯವಾಗುವ ಆ ಅರ್ಧ ಲೀಟರಿನದು. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಸೋತಿರಬಹುದು. ಭಾರ ಎಳೆಯುವಾಗ ಸಿಲಿಂಡರಿನ ಒತ್ತಡ ಹೆಚ್ಚಿ, ಉರಿದ ಗಾಳಿ ನೀರಿನ ದಾರಿಗೆ ನುಗ್ಗುತ್ತದೆ, ಕೂಲಂಟನ್ನು ಹೊರಗೆ ತಳ್ಳುತ್ತದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಮತ್ತೆ ಹಾಕಿ. ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪನ್ನು ಒತ್ತಿ ನೋಡಿ. ಒಂದೆರಡು ನಿಮಿಷದಲ್ಲೇ ಗಟ್ಟಿಯಾದರೆ ಅದು ಬಿಸಿಯ ಒತ್ತಡವಲ್ಲ, ಉರಿದ ಗಾಳಿಯದು. ಆಮೇಲೆ ಗ್ಯಾರೇಜಿನಲ್ಲಿ, ಕೂಲಂಟಿಗೆ ಉರಿದ ಗಾಳಿ ಸೇರಿದೆಯೇ ಎಂದು ತೋರಿಸುವ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಬಣ್ಣ ತಿರುಗಿದರೆ ಹೆಡ್ ಬಿಚ್ಚಬೇಕು.

ಸಕಲೇಶಪುರದ ಸದಸ್ಯ: ನನ್ನ ಗಾಡಿ ಶಿರಾಡಿಯಲ್ಲಿ ಕಾಯುತ್ತದೆ. ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಕಿತ್ತುಹಾಕಲೇ?

ಮೆಕ್ಯಾನಿಕ್: ಬೇಡ.

ಹಾಸನದ ಸದಸ್ಯ: ಕಿತ್ತರೆ ನೀರು ಜೋರಾಗಿ ಹರಿಯುತ್ತದೆಯಲ್ಲ?

ಮೆಕ್ಯಾನಿಕ್: ಹಲವು ಎಂಜಿನ್‌ಗಳಲ್ಲಿ ಅದು ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವುದು. ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಒಳಗೇ ಸುತ್ತುತ್ತದೆ.



ಶಿರಸಿಯ ಸದಸ್ಯ: ಬಂದದ್ದನ್ನು ಹಂಚಿದ್ದೇನೆ: ‘ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ, ಒಂದು ಮೊಟ್ಟೆಯ ಬಿಳಿ. ಗ್ಯಾರೇಜಿನವರು ಇದನ್ನು ಹೇಳುವುದಿಲ್ಲ!’

ಮೆಕ್ಯಾನಿಕ್: ಹೇಳುವುದಿಲ್ಲ, ನಿಜ. ಸಾರು ಕುದಿಸಲು ಮನೆಯಲ್ಲಿ ಒಲೆ ಇದೆ. ತೂತಿಗಿಂತ ಮೊದಲು ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಇನ್ನು ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವ ವಿಡಿಯೋವನ್ನೂ ಯಾರೂ ಕಳಿಸಬೇಡಿ. ಕಾದಿರುವಾಗ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾದು ಕೂತಿರುತ್ತದೆ, ತೆಗೆದ ಕ್ಷಣ ಮುಖಕ್ಕೆ ಹಾರುತ್ತದೆ.

ಪುತ್ತೂರಿನ ಸದಸ್ಯ: ನಮ್ಮ ತಂದೆ ಜೀಪಿಗೆ ಬಾವಿ ನೀರನ್ನೇ ಹಾಕುತ್ತಿದ್ದರು. ಇಪ್ಪತ್ತು ವರ್ಷ ಓಡಿತು.

ಚಿತ್ರದುರ್ಗದ ಸದಸ್ಯ: ನಮ್ಮ ಬೋರ್‌ವೆಲ್ ನೀರು ಹಾಕಿ ನೋಡಿ, ಒಳಗೆ ಸುಣ್ಣದ ಭಟ್ಟಿಯಾಗುತ್ತದೆ.

ಪುತ್ತೂರಿನ ಸದಸ್ಯ: ನಾನು ಹೇಳಿದ್ದು ಬಾವಿ. ಓದಲು ಬರುವುದಿಲ್ಲವೇ?

ಚಿತ್ರದುರ್ಗದ ಸದಸ್ಯ: ಇಪ್ಪತ್ತು ವರ್ಷದಲ್ಲಿ ಎಷ್ಟು ರೇಡಿಯೇಟರ್ ಬದಲಿಸಿದರು, ಅದನ್ನೂ ಹೇಳಿ.

ಕುಂದಾಪುರದ ಸದಸ್ಯ: ಜಗಳ ನಿಲ್ಲಿಸಿ. ಉಜಿರೆಯವರೇ, ಮಿಕ್ಸರ್ ಜೊತೆಗೆ ಸಿಮೆಂಟನ್ನೂ ಹೇರಿರುತ್ತೀರಲ್ಲವೇ?

ಉಜಿರೆಯ ಸದಸ್ಯ: ಇಪ್ಪತ್ತೇ ಮೂಟೆ.

ಮೆಕ್ಯಾನಿಕ್: ಒಂದು ಟನ್! ಇದನ್ನು ಮೊದಲು ಹೇಳಲು ಏನಾಗಿತ್ತು? ಪೈಪ್ ನೋಡಿದಿರಾ?

ಉಜಿರೆಯ ಸದಸ್ಯ: ನೋಡಿದೆ. ಒಂದು ನಿಮಿಷಕ್ಕೇ ಕಲ್ಲಿನಂತಾಯಿತು. ಶನಿವಾರ ಕೊಟ್ಟಿಗೆಹಾರದಲ್ಲಿ ಸ್ಲ್ಯಾಬ್ ಹಾಕಬೇಕು, ಒಂದೇ ಬಾರಿ ಹೋಗಿ ಬರಬಹುದೇ?

ಮೆಕ್ಯಾನಿಕ್: ಮಿಕ್ಸರನ್ನು ಬೇರೆ ಗಾಡಿಗೆ ಕಟ್ಟಿ. ನಿಮ್ಮದನ್ನು ಪರೀಕ್ಷೆಗೆ ಬಿಡಿ. ಹೆಡ್ ಬಿಚ್ಚಿದರೆ ಅದು ಬಾಗಿದೆಯೇ ಎಂದು ಅಳತೆ ಮಾಡದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ.