ಸರ್ವರ್ ಪಿಂಗ್ ಆಗಾಗ 400 ಮಿಲಿಸೆಕೆಂಡಿಗೆ ಜಿಗಿಯುತ್ತದೆ, ಎಲ್ಲಿ ನೋಡಲಿ?

ಪ್ರಶ್ನೆ: ನಮಸ್ಕಾರ. ನಾನು ಗದಗದವನು. ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ಕಾರ್ಖಾನೆಯ ಉಬುಂಟು ಸರ್ವರ್ ನೋಡಿಕೊಳ್ಳುತ್ತೇನೆ. ಆಫೀಸಿನ ಒಳಗಿನಿಂದ ಪಿಂಗ್ ಮಾಡಿದರೆ (ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಿದರೆ) 1 ಮಿಲಿಸೆಕೆಂಡೂ ಆಗುವುದಿಲ್ಲ. ಆದರೆ ಸಂಜೆ ಬಿಲ್ಲಿಂಗ್ ಜೋರಾದಾಗ ಒಮ್ಮೆಲೇ 400 ದಾಟುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ಸಿಪಿಯು, ಮೆಮೊರಿ ಆರಾಮಾಗಿವೆ. ಗೇಟಿನಲ್ಲಿ ಲಾರಿ ನಿಂತಿರುತ್ತದೆ, ಚಲನ್ ಪ್ರಿಂಟ್ ಬರುವುದಿಲ್ಲ. ಡ್ರೈವರ್ ಮುಖ ನೋಡಲು ಆಗುತ್ತಿಲ್ಲ.

ಉತ್ತರ: ಒಳಗಿನ ಪಿಂಗೇ ಏರುತ್ತಿದೆ ಅಂದರೆ ಸುಮ್ನೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಬೇಡಿ. ಸರ್ವರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಸ್ಥಿತಿ ತೋರಿಸುವ ‘ಇಥ್‌ಟೂಲ್’ ಕಮಾಂಡ್ ಓಡಿಸಿ, ಸ್ಪೀಡ್ ಮತ್ತು ಡುಪ್ಲೆಕ್ಸ್ ಏನಿದೆ ಹೇಳಿ. ಡುಪ್ಲೆಕ್ಸ್ ಫುಲ್ ಅಂದರೆ ಡೇಟಾ ಒಟ್ಟಿಗೇ ಎರಡೂ ಕಡೆ ಹೋಗುತ್ತದೆ, ಹಾಫ್ ಅಂದರೆ ಒಂದು ಸಲಕ್ಕೆ ಒಂದೇ ಕಡೆ.

ಪ್ರಶ್ನೆ ಕೇಳಿದವರು: ಸ್ಪೀಡ್ ಸೆಕೆಂಡಿಗೆ 100 ಮೆಗಾಬಿಟ್, ಡುಪ್ಲೆಕ್ಸ್ ಹಾಫ್. ಕಾರ್ಡ್ ಗಿಗಾಬಿಟ್‌ದು, ಅಂದರೆ 1000ದ್ದು ಸರ್!

ಉತ್ತರ: ಸಿಕ್ಕಿತು ಅನ್ನಿಸುತ್ತದೆ. ಸರ್ವರಿನ ಕೇಬಲ್ ಸಿಕ್ಕಿಸಿರುವ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟನ್ನು ಯಾರೋ 100 ಫುಲ್ ಅಂತ ಕೈಯಾರೆ ಸೆಟ್ ಮಾಡಿರಬೇಕು. ಆಗ ಆಟೋದಲ್ಲಿರುವ (ತಾನೇ ಹೊಂದಿಸಿಕೊಳ್ಳುವ) ಸರ್ವರಿಗೆ ಸ್ಪೀಡ್ ಗೊತ್ತಾಗುತ್ತದೆ, ಡುಪ್ಲೆಕ್ಸ್ ಗೊತ್ತಾಗುವುದಿಲ್ಲ. ಅದು ಹಾಫ್‌ಗೆ ಇಳಿಯುತ್ತದೆ. ಡೇಟಾ ಕಡಿಮೆ ಇದ್ದಾಗ ಎಲ್ಲ ಸರಿಯಾಗೇ ಕಾಣುತ್ತದೆ. ಜಾಸ್ತಿ ಆದಾಗ ಎರಡೂ ಕಡೆಯವರು ಒಟ್ಟಿಗೆ ಮಾತಾಡಿದ ಹಾಗೆ ಡಿಕ್ಕಿ ಶುರು. ಪ್ಯಾಕೆಟ್ (ಡೇಟಾದ ತುಂಡು) ಕಳೆದುಹೋಗುತ್ತದೆ, ಮತ್ತೆ ಕಳಿಸಬೇಕು. ಎರಡೂ ಕಡೆ ಆಟೋಗೆ ಹಾಕಿ.

ಇನ್ನೊಬ್ಬರು: ಕೇಬಲ್ ಕೂಡ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು.

ಪ್ರಶ್ನೆ ಕೇಳಿದವರು: ಪೋರ್ಟ್ 100 ಫುಲ್‌ನಲ್ಲೇ ಇತ್ತು. ಆಟೋ ಮಾಡಿದ ತಕ್ಷಣ 1000 ಫುಲ್ ಬಂತು. ಕೇಬಲ್ಲಿನ ತುದಿಯ ಕ್ಲಿಪ್ ಮುರಿದಿತ್ತು, ಅದನ್ನೂ ಬದಲಿಸಿದೆ. ಇವತ್ತು ಸಂಜೆ ಮೂರು ಲಾರಿ ಹೋದವು. ಪಿಂಗ್ 1 ದಾಟಲಿಲ್ಲ. ತುಂಬಾ ಉಪಕಾರವಾಯಿತು.