ವೈ-ಫೈನ ಎರಡು ಬ್ಯಾಂಡ್‌ಗೆ (ತರಂಗಪಟ್ಟಿಗೆ) ಒಂದೇ ಹೆಸರು ಸಾಕೇ, ಎರಡು ಹೆಸರು ಬೇಕೇ?

ಮಹಡಿಕೋಣೆ: ಹೊಸ ರೂಟರ್ ಹಾಲ್‌ನಲ್ಲಿದೆ. ದೂರ ತಲುಪುವ 2.4, ವೇಗದ 5 ಗಿಗಾಹರ್ಟ್ಸ್ ಎರಡು ಬ್ಯಾಂಡ್‌ಗಳಿಗೂ ಒಂದೇ ಹೆಸರು ಕೊಟ್ಟಿದ್ದೇನೆ. ಮಹಡಿಯ ಕೋಣೆಗೆ ಹೋದರೂ ಮೊಬೈಲ್ 5ರಲ್ಲೇ ಉಳಿಯುತ್ತದೆ. ಎರಡು ಕಡ್ಡಿ ಸಿಗ್ನಲ್ ಕಾಣಿಸುತ್ತದೆ, ಆದರೆ ವೀಡಿಯೊ ಕರೆಯಲ್ಲಿ ನನ್ನ ಮಾತು ತುಂಡು ತುಂಡಾಗುತ್ತದೆ. ಮೊಬೈಲ್‌ನಿಂದ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಅಂತೂ ಸೇರುತ್ತಲೇ ಇಲ್ಲ. ಹೆಸರು ಬೇರೆ ಮಾಡಿದರೆ ಸರಿಹೋದೀತೇ?

ತಂತಿಗಾರ: ಖಂಡಿತ ಬೇರೆ ಮಾಡಿ. ಯಾವ ಸಾಧನ ಎಲ್ಲಿರಬೇಕು ಎಂಬುದನ್ನು ನೀವೇ ತೀರ್ಮಾನಿಸಿ. ಟಿವಿ, ಲ್ಯಾಪ್‌ಟಾಪ್ 5ಕ್ಕೆ. ಪ್ಲಗ್, ಬಲ್ಬ್, ಪ್ರಿಂಟರ್ 2.4ಕ್ಕೆ. ಎರಡೂ ಒಂದೇ ಮನೆಯ ಜಾಲದಲ್ಲಿರುವುದರಿಂದ 5ರಲ್ಲಿರುವ ಲ್ಯಾಪ್‌ಟಾಪ್‌ನಿಂದ 2.4ರಲ್ಲಿರುವ ಪ್ರಿಂಟರ್‌ಗೆ ಮುದ್ರಣ ಕಳುಹಿಸಲು ತೊಂದರೆಯಿಲ್ಲ.

ಒಂದೇಹೆಸರು: ಕದಲದ ಟಿವಿಗೆ ಈ ಮಾತು ಸರಿ, ಕೈಯಲ್ಲಿ ಹಿಡಿದು ಓಡಾಡುವ ಮೊಬೈಲ್‌ಗೆ ಸರಿಯಲ್ಲ. ಹೆಸರು ಬೇರೆಯಾದರೆ ಮೊಬೈಲ್‌ಗೆ ಅವು ಸಂಬಂಧವಿಲ್ಲದ ಎರಡು ಜಾಲಗಳು. ಹಿಡಿದದ್ದು ಪೂರ್ತಿ ಸಾಯುವವರೆಗೆ ಬಿಡದೆ ಕೂರುವುದೇ ಹೆಚ್ಚು. ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಒಂದೇ ಆಗಿದ್ದರೆ ತಾನಾಗಿ ದಾಟುತ್ತದೆ. ಯಾವಾಗ ದಾಟಬೇಕೆಂದು ತೀರ್ಮಾನಿಸುವುದು ಮೊಬೈಲ್, ರೂಟರ್ ಅಲ್ಲ. ಐಫೋನ್ ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ) ಕೆಳಗಿಳಿದ ಮೇಲೆಯೇ ಬೇರೆಡೆ ಹುಡುಕಲು ಶುರುಮಾಡುತ್ತದೆ ಎಂದು ಆಪಲ್ ಸ್ವತಃ ತಿಳಿಸಿದೆ. ನಿಮ್ಮ ಕೋಣೆಯಲ್ಲಿ ಎಷ್ಟಿದೆ, ಮೊಬೈಲ್‌ನಲ್ಲೇ ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ ನೋಡಿ ಹೇಳಿ. ಕಡ್ಡಿ ನಂಬಬೇಡಿ.

ಮಹಡಿಕೋಣೆ: ನನ್ನದೂ ಐಫೋನ್. 5ರಲ್ಲಿ ಮೈನಸ್ 68, 2.4ರಲ್ಲಿ ಮೈನಸ್ 57. ಇನ್ನೊಂದು ವಿಷಯ: ರೂಟರ್ ಆಫ್ ಮಾಡಿ ಆನ್ ಮಾಡಿದಾಗ 2.4 ಬೇಗ ಬರುತ್ತದೆ, 5 ಮಾತ್ರ ಒಂದು ನಿಮಿಷ ತಡ. ನಡುನಡುವೆ ಮಾಯವಾಗುವುದೂ ಉಂಟು.

ಒಂದೇಹೆಸರು: ಅಲ್ಲಿಯೇ ಗಂಟು ಸಿಕ್ಕಿತು. ಮೈನಸ್ 68 ಎಂದರೆ ಗಡಿಯ ಈಚೆಗೇ ನಿಂತಿದೆ, ಹಾಗಾಗಿ ಮೊಬೈಲ್ ಹುಡುಕುವ ಗೋಜಿಗೇ ಹೋಗುತ್ತಿಲ್ಲ. ನೀವು ನೋಡಿದ ಅಂಕಿ ರೂಟರ್‌ನ ದನಿ ಎಷ್ಟು ಗಟ್ಟಿಯಾಗಿ ಕೇಳುತ್ತಿದೆ ಎಂಬುದು. ಮೊಬೈಲ್‌ನ ದನಿ ಅದಕ್ಕಿಂತ ಸಣ್ಣದು, ಗೋಡೆ ದಾಟಿ ಹಿಂದಿರುಗುವಷ್ಟರಲ್ಲಿ ಸೊರಗುತ್ತದೆ. ನಿಮ್ಮ ಮಾತು ಒಡೆಯುವುದು ಇದರಿಂದಲೇ ಇರಬೇಕು. 5ರ ಪ್ರಸಾರ ಶಕ್ತಿಯನ್ನು ಒಂದು ಮೆಟ್ಟಿಲು ಇಳಿಸಿ. ಸಿಗ್ನಲ್ ಕಡಿಮೆ ಮಾಡಿ ಎನ್ನುವುದು ವಿಚಿತ್ರವಾಗಿ ಕೇಳಿಸಬಹುದು, ಆದರೆ ಮಹಡಿಯಲ್ಲಿ ಅದು 70ರ ಗಡಿ ದಾಟಿದರೆ ಮೊಬೈಲ್ ತಾನಾಗಿ 2.4ಕ್ಕೆ ಬರುತ್ತದೆ. ಎಲ್ಲಿಗೆ ದಾಟಬಹುದೆಂದು ಮೊಬೈಲ್‌ಗೆ ಸುಳಿವು ಕೊಡುವ 802.11ಕೆ ಮತ್ತು 802.11ವಿ ಆಯ್ಕೆಗಳು ರೂಟರ್‌ನಲ್ಲಿದ್ದರೆ ಅವನ್ನೂ ಆನ್ ಮಾಡಿ.

ರೇಡಿಯೊಕಿವಿ: 5 ತಡವಾಗುವುದಕ್ಕೆ ಕಾರಣ ಬೇರೆ. ಪ್ರತಿ ಬ್ಯಾಂಡ್ ಚಾನೆಲ್ ಎಂಬ ಸಣ್ಣ ಹಾದಿಗಳಾಗಿ ಹಂಚಿರುತ್ತದೆ. 5ರಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈ-ಫೈ ರೇಡಾರ್‌ಗಳ ಜೊತೆ ಹಂಚಿಕೊಳ್ಳುತ್ತದೆ. ಅಲ್ಲಿ ಪ್ರಸಾರ ಶುರುಮಾಡುವ ಮುನ್ನ ರೂಟರ್ ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಬೇಕು. ರೇಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಬೇಕು. ನಿಮ್ಮದು ‘ಆಟೊ’ದಲ್ಲಿದ್ದು ಅಂಥ ಚಾನೆಲ್‌ಗೆ ಹೋಗಿರಬೇಕು. 36ಕ್ಕೆ ಕಟ್ಟಿಹಾಕಿ. ಚಾನೆಲ್‌ನ ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದರೆ ಗರಿಷ್ಠ ವೇಗ ಅರ್ಧವಾಗುತ್ತದೆ, ಆದರೆ ಗದ್ದಲದ ಮಟ್ಟವೂ 3 ಡೆಸಿಬೆಲ್ ತಗ್ಗುತ್ತದೆ. ದೂರದ ಕೋಣೆಗೆ ಅದು ಲಾಭವೇ.

2.4ರಲ್ಲಿ 20 ಮೆಗಾಹರ್ಟ್ಸ್ ಅಗಲ, 1, 6, 11ರಲ್ಲಿ ಒಂದು ಚಾನೆಲ್. ಪಟ್ಟಿಯಲ್ಲಿ 3 ಖಾಲಿ ಕಾಣಿಸಿತೆಂದು ಅಲ್ಲಿಗೆ ಹೋಗಬೇಡಿ. ಚಾನೆಲ್‌ಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್. 3ರಲ್ಲಿ ಕುಳಿತವರು 1ಕ್ಕೂ 6ಕ್ಕೂ ತೊಂದರೆ ಕೊಡುತ್ತಾರೆ, ತಾವೂ ತೊಂದರೆ ಪಡುತ್ತಾರೆ. ಅಕ್ಕಪಕ್ಕದವರೊಂದಿಗೆ ಅದೇ ಚಾನೆಲ್ ಹಂಚಿಕೊಂಡರೂ ಪರವಾಗಿಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಿಸಿ ಸರದಿ ಕಾಯುತ್ತಾರೆ. ಮೈಕ್ರೊವೇವ್ ಒಲೆ ಹತ್ತಿರವಿದ್ದರೆ 1 ವಾಸಿ, ಅದರ ಸೋರಿಕೆ 2.45 ಗಿಗಾಹರ್ಟ್ಸ್ ಸುತ್ತಮುತ್ತ.

ತಂತಿಗಾರ: ಇಷ್ಟೆಲ್ಲ ತಿರುಗಿಸಿದ ಮೇಲೂ ಸ್ಮಾರ್ಟ್ ಪ್ಲಗ್ ಹೊರಗೇ ಉಳಿಯಿತಲ್ಲ! ಅದಕ್ಕೇ ನಾನು ಹೆಸರು ಬೇರೆ ಎಂದದ್ದು.

ದೀಪದಬುಡ್ಡಿ: ಪ್ಲಗ್ ಒಂದಕ್ಕಾಗಿ ಇಡೀ ಮನೆಯ ಜಾಲವನ್ನು ಒಡೆಯಬೇಕಾಗಿಲ್ಲ ತಂತಿಗಾರರೇ. ಇಂಥವುಗಳಲ್ಲಿ ಬಹುತೇಕ ಚಿಪ್‌ಗಳಿಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ಜೋಡಿಸುವ ಹೊತ್ತಿಗೆ ಮೊಬೈಲ್ 5ರಲ್ಲಿದ್ದರೆ ಕೆಲವು ಆ್ಯಪ್‌ಗಳು ಗೊಂದಲಕ್ಕೆ ಬೀಳುತ್ತವೆ. ಹತ್ತು ನಿಮಿಷ 5ನ್ನು ಆಫ್ ಮಾಡಿ, ಪ್ಲಗ್ ಸೇರಿಸಿ, ಮತ್ತೆ ಆನ್ ಮಾಡಿ. ಆಮೇಲೆ ಅದು ತನ್ನ ಪಾಡಿಗೆ 2.4ರಲ್ಲಿರುತ್ತದೆ. ಭದ್ರತೆ ಬರೀ ಹೊಸ ಬಗೆಯ ಡಬ್ಲ್ಯುಪಿಎ3 ಆಗಿದ್ದರೂ ಹಳೆಯ ಪ್ಲಗ್ ಸೇರುವುದಿಲ್ಲ, ಡಬ್ಲ್ಯುಪಿಎ2 ಕೂಡ ಒಪ್ಪುವ ಮಿಶ್ರ ಬಗೆ ಇಡಿ. ಅತಿಥಿಗಳಿಗೆಂದು ರೂಟರ್ ಬೇರೆಯಾಗಿ ಕೊಡುವ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಬರೀ 2.4 ತೆರೆದು ಪ್ಲಗ್‌ಗಳನ್ನು ಅಲ್ಲಿಡುವುದು ನನಗೆ ಇನ್ನೂ ಇಷ್ಟ. ಅವಕ್ಕೆ ನಿಮ್ಮ ಲ್ಯಾಪ್‌ಟಾಪ್ ಕಾಣಿಸುವುದೇ ಬೇಡ.

ತಂತಿಗಾರ: ಗೆಸ್ಟ್‌ಗೆ ಬೇರೆ ಹೆಸರು ಕೊಡಲೇಬೇಕು. ಪ್ಲಗ್‌ಗಳ ಮಟ್ಟಿಗೆ ನಾವಿಬ್ಬರೂ ಹೇಳುತ್ತಿರುವುದು ಒಂದೇ. ಆದರೆ ಅಲ್ಲಿ ಸಾಧನಗಳನ್ನು ಪ್ರತ್ಯೇಕಿಸುವುದರಿಂದ ಮೊಬೈಲ್ ಪ್ಲಗ್ ಜೊತೆ ನೇರವಾಗಿ ಮಾತಾಡಲಾರದು. ಇಂಟರ್‌ನೆಟ್ ಹೋದರೆ ಗೋಡೆಯ ಸ್ವಿಚ್ಚೇ ಗತಿ.

ಮಹಡಿಕೋಣೆ: 36, 40 ಮೆಗಾಹರ್ಟ್ಸ್, 5ರ ಶಕ್ತಿ ‘ಮಧ್ಯಮ’ ಮಾಡಿದೆ. ಮೆಟ್ಟಿಲು ಹತ್ತಿದ ಸ್ವಲ್ಪ ಹೊತ್ತಿಗೆ ಮೊಬೈಲ್ 2.4ಕ್ಕೆ ಬಂತು, ಕರೆ ತುಂಡಾಗಲಿಲ್ಲ. ಪ್ಲಗ್ ಕೂಡ ಸೇರಿತು. ಮಹಡಿಯಲ್ಲಿ ದೊಡ್ಡ ಫೈಲ್ ಇಳಿಸುವುದು ಮಾತ್ರ ನಿಧಾನ. ಸಿಗ್ನಲ್ ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ತರಲೇ?

ರೇಡಿಯೊಕಿವಿ: ಒಂದೇ ಬ್ಯಾಂಡ್‌ನಲ್ಲಿ ಕೇಳಿಸಿಕೊಂಡು ಅದರಲ್ಲೇ ಮರಳಿ ಹೇಳುವ ಎಕ್ಸ್‌ಟೆಂಡರ್ ವೇಗವನ್ನು ಹೆಚ್ಚುಕಡಿಮೆ ಅರ್ಧ ತಿನ್ನುತ್ತದೆ. ರೂಟರ್‌ನಿಂದ ಕೇಬಲ್ ಎಳೆದು ಮಹಡಿಯಲ್ಲಿ ಅದರಿಂದಲೇ ವೈ-ಫೈ ಹರಡುವ ಆ್ಯಕ್ಸೆಸ್ ಪಾಯಿಂಟ್ ಇಡಿ. ಅದರ 5 ಗಿಗಾಹರ್ಟ್ಸ್ ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ 149ರಲ್ಲಿರಲಿ.

ಒಂದೇಹೆಸರು: ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ ಇರಲಿ.

ತಂತಿಗಾರ: ಕೇಬಲ್ ಎಂದಿರಲ್ಲ, ಈಗ ನನ್ನ ತಕರಾರಿಲ್ಲ. ಟಿವಿಗೂ ಒಂದು ಎಳೆಯಿರಿ.