ಎರಡನೇ ಸಿಲಿಂಡರ್ ಮಾತ್ರ ಮಿಸ್ ಹೊಡೀತಿದೆ, ಪ್ಲಗ್ ಕಾಯಿಲ್ ಎಲ್ಲಾ ನೋಡಾಯ್ತು, ಮುಂದೇನು?

ಅರ್ಧ ಕ್ಲಚ್:
ನಮಸ್ಕಾರ ಎಲ್ರಿಗೂ. 1.2 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, 94,000 ಕಿ.ಮೀ. ಓಡಿದೆ. ಒಂದು ತಿಂಗಳಿಂದ ಐಡ್ಲಿಂಗಲ್ಲಿ ಗಾಡಿ ನಡುಗುತ್ತೆ, ಏರಲ್ಲಿ ಪಿಕಪ್ ಸತ್ತೇ ಹೋಗಿದೆ. ವಿಚಿತ್ರ ಏನಂದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಚೆನ್ನಾಗೇ ಇರುತ್ತೆ, ಹತ್ತು ನಿಮಿಷ ಓಡಿ ಬಿಸಿ ಆದ್ಮೇಲೆ ಶುರು. ಸ್ಕ್ಯಾನರ್ ಹಾಕಿದ್ರೆ ಪಿ0302, ಅಂದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್. ನಾಲ್ಕೂ ಪ್ಲಗ್ ಹೊಸದು ಹಾಕ್ದೆ, 2ರ ಕಾಯಿಲ್ (ಪ್ಲಗ್‌ಗೆ ಕಿಡಿ ಹೊಡೆಸೋದು) ತೆಗೆದು 3ಕ್ಕೆ ಹಾಕ್ದೆ, ಕೋಡ್ ಮಾತ್ರ 2 ಬಿಟ್ಟು ಕದಲ್ತಿಲ್ಲ. ಗ್ಯಾರೇಜಲ್ಲಿ ರಾತ್ರಿ ಬಿಟ್ಟಿದ್ದೆ, ಬೆಳಗ್ಗೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಗಾಳೀನ ಅದುಮೋ ಒತ್ತಡ) ನೋಡಿ ಎಲ್ಲಾ ಸರಿಯಿದೆ ಅಂದ್ರು, ಅದೇ ಬಾಯಲ್ಲಿ ಇಂಜಿನ್ ಇಳಿಸ್ಬೇಕು ಅಂತಾನೂ ಅಂದ್ರು. ಸರಿಯಿದ್ರೆ ಯಾಕೆ ಇಳಿಸೋದು ಅಂತ ಕೇಳಿದ್ರೆ ಉತ್ತರ ಇಲ್ಲ.

ಸುಮ್ನೆ ಬಂದೆ:
ಇಂಜಿನ್ ಫ್ಲಶ್ ಹಾಕಿ, ಒಳ್ಳೇ ಇಂಜೆಕ್ಟರ್ ಕ್ಲೀನರ್ ಒಂದು ಬಾಟ್ಲಿ ಟ್ಯಾಂಕಿಗೆ ಸುರೀರಿ, ಸರಿ ಹೋಗುತ್ತೆ. ನಂದು ಹಂಗೇ ಸರಿ ಹೋಗಿತ್ತು.

ಹಳೇ ಸ್ಪ್ಯಾನರ್:
ಬಾಟ್ಲಿ ಆಮೇಲೆ ನೋಡಣ. ಮೊದ್ಲು ಒಂದು ಮಾತು, ಚೆಕ್ ಇಂಜಿನ್ ಲೈಟ್ ಬರೀ ಉರೀತಿದ್ಯಾ ಇಲ್ಲಾ ಮಿಣುಕ್ತಿದ್ಯಾ? ಮಿಣುಕ್ತಿದ್ರೆ ಓಡಿಸ್ಲೇಬೇಡಿ, ಸುಡದೇ ಇರೋ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಸುಟ್ಟು ಅದರ ಜೇನುಗೂಡನ್ನೇ ಕರಗಿಸಿಬಿಡುತ್ತೆ. ಕಾಯಿಲ್ ಬದಲಾಯಿಸಿದ ಹಾಗೇ 2ರ ಇಂಜೆಕ್ಟರನ್ನೂ ಪಕ್ಕದ್ದಕ್ಕೆ ಹಾಕಿ, ಕೋಡ್ ಅಳಿಸಿ, ಬಿಸಿ ಆಗೋವರೆಗೂ ಓಡಿಸಿ. ಕೋಡ್ ಆ ಕಡೆ ಹೋದ್ರೆ ಇಂಜೆಕ್ಟರ್, ಹೋಗ್ಲಿಲ್ಲ ಅಂದ್ರೆ ತೊಂದ್ರೆ ಸಿಲಿಂಡರ್ ಒಳಗೇ ಇದೆ.

ಇನ್ನು ಆ ಕಂಪ್ರೆಷನ್ ಟೆಸ್ಟ್ ವಿಷ್ಯ. ನಿಮ್ಮ ಗಾಡಿ ಕೆಡೋದೇ ಬಿಸಿಯಲ್ಲಿ, ಅವರು ನೋಡಿದ್ದು ರಾತ್ರಿಯೆಲ್ಲಾ ನಿಂತು ತಣ್ಣಗಾದ ಇಂಜಿನ್ನು, ಅದಕ್ಕೆ ಏನು ಬೆಲೆ? ಬಿಸಿಯಲ್ಲೇ ಮಾಡಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ಮತ್ತೆ ಇಂಜೆಕ್ಟರ್ ಕನೆಕ್ಟರ್ ತೆಗೀರಿ, ಬ್ಯಾಟ್ರಿ ಫುಲ್ ಚಾರ್ಜ್ ಇರ್ಲಿ, ಒಬ್ರು ಆಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಲಿ, ಪ್ರತಿ ಸಿಲಿಂಡರ್‌ಗೂ ಅಷ್ಟೇ ಸುತ್ತು, ಐದಾರು ಸಾಕು. ಆಕ್ಸಿಲೇಟರ್ ಒತ್ತದೇ ಮಾಡಿದ್ರೆ ಗಾಳಿನೇ ಒಳಗೆ ಹೋಗಲ್ಲ, ಎಲ್ಲಾ ಕಡಿಮೆ ತೋರಿಸುತ್ತೆ.

ಅರ್ಧ ಕ್ಲಚ್:
ಲೈಟ್ ಮಿಣುಕ್ತಿಲ್ಲ, ಬರೀ ಉರೀತಿದೆ. ಇಂಜೆಕ್ಟರ್ ಬದಲಾಯಿಸ್ದೆ, ಕೋಡ್ 2ರಲ್ಲೇ. ಕಂಪ್ರೆಷನ್ ಗೇಜ್ ಒಬ್ಬ ಫ್ರೆಂಡ್ ಹತ್ರ ಸಿಕ್ತು, ಬಿಸಿಯಲ್ಲಿ ನೋಡಿದ್ದು: 1 ರಲ್ಲಿ 175 ಪಿಎಸ್‌ಐ, 2 ರಲ್ಲಿ 118, 3 ರಲ್ಲಿ 172, 4 ರಲ್ಲಿ 178. ಕೈ ಸುಟ್ಕೊಂಡೆ ಅದು ಬೇರೆ. 2ಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡ್ದೆ, 124 ಬಂತು ಅಷ್ಟೇ.

ಗ್ರೀಸ್ ಕೈ:
ಅಲ್ಲಿಗೆ ಪಿಸ್ಟನ್ ಸುತ್ತ ಇರೋ ರಿಂಗ್ಸ್ ಅಲ್ಲ. ರಿಂಗ್ ಸವೆದಿದ್ರೆ ಆಯಿಲ್ ಸುತ್ತ ಕೂತು ಸೀಲ್ ಮಾಡಿ ರೀಡಿಂಗ್ ಚೆನ್ನಾಗಿ ಮೇಲೆ ಹೋಗ್ತಿತ್ತು. ಪಕ್ಕದ 1, 3 ಎರಡೂ ಚೆನ್ನಾಗಿವೆ, ಹಾಗಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಅಂದ್ರೆ ಹೆಡ್, ಅದರ ಕೆಳಗಿನ ಸೀಲು) ಸಿಲಿಂಡರ್‌ಗಳ ಮಧ್ಯೆ ಹೋಗಿರೋ ಚಾನ್ಸೂ ಕಡಿಮೆ. ಉಳಿದಿದ್ದು ವಾಲ್ವ್, ಅಂದ್ರೆ ಸಿಲಿಂಡರಿಗೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ಬಾಗಿಲು. ಗೆಸ್ ಮಾಡೋದು ಬೇಡ, ಕಿವೀಲಿ ಕೇಳಿ. 2ನ್ನ ಕಂಪ್ರೆಷನ್ ಸ್ಟ್ರೋಕಲ್ಲಿ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬಂದು ನಿಲ್ಲೋ ಜಾಗ) ತಂದು ಪ್ಲಗ್ ತೂತಿಂದ ಕಂಪ್ರೆಸರ್ ಗಾಳಿ ಬಿಡಿ. ಥ್ರಾಟಲ್ ಬಾಡೀಲಿ ಉಸ್ ಅಂದ್ರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಬಾಯಲ್ಲಿ ಅಂದ್ರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಜೋರಾಗಿ ಬಂದ್ರೆ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್. ಆಯಿಲ್ ಮುಚ್ಚಳದಲ್ಲಿ ಸ್ವಲ್ಪ ಸದ್ದು ಯಾವ ಇಂಜಿನ್ನಲ್ಲೂ ಇರುತ್ತೆ, ಅದಕ್ಕೆ ಗಾಬರಿ ಬೇಡ. ಗೇರ್ ನ್ಯೂಟ್ರಲಲ್ಲಿರ್ಲಿ, ಕ್ರ್ಯಾಂಕ್ ಬೋಲ್ಟಲ್ಲಿ ಸ್ಪ್ಯಾನರ್ ಬಿಟ್ಟು ಗಾಳಿ ತೆರೀಬೇಡಿ, ಟಿಡಿಸಿ ಒಂಚೂರು ತಪ್ಪಿದ್ರೂ ಪಿಸ್ಟನ್ ಕೆಳಗೆ ಒದ್ದು ಸ್ಪ್ಯಾನರ್ ತಿರುಗಿ ಕೈಗೆ ಬಡಿಯುತ್ತೆ. ಅಂದಹಾಗೆ ಗಾಡಿಗೆ ಗ್ಯಾಸ್ ಕಿಟ್ ಇದ್ಯಾ?

ಅರ್ಧ ಕ್ಲಚ್:
ಸೈಲೆನ್ಸರ್! ಸಣ್ಣ ಪೈಪ್ ಒಂದು ತುದಿ ಕಿವಿಗೆ ಇಟ್ಕೊಂಡು ಇನ್ನೊಂದು ತುದಿ ಅಲ್ಲಿ ಹಿಡಿದ್ರೆ ಸೈಕಲ್ ಟ್ಯೂಬ್ ಗಾಳಿ ಬಿಟ್ಟಂಗೆ ಕೇಳುತ್ತೆ. ಹೌದು ಸಾರ್ ಗ್ಯಾಸ್ ಕಿಟ್ ಇದೆ, ಅದನ್ನ ಹೇಳೋದೇ ಮರ್ತಿದ್ದೆ, ಮೂರು ವರ್ಷದಿಂದ ಹೆಚ್ಚಾಗಿ ಗ್ಯಾಸಲ್ಲೇ ಓಡಿಸ್ತಿರೋದು.

ಗ್ರೀಸ್ ಕೈ:
ಇದನ್ನ ಮೊದ್ಲೇ ಹೇಳಿದ್ರೆ ಅರ್ಧ ಕೆಲ್ಸ ಉಳೀತಿತ್ತು ಮಾರಾಯ್ರೆ. ಗ್ಯಾಸಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ (ವಾಲ್ವ್ ಕೂತು ಮುಚ್ಕೊಳ್ಳೋ ಅಂಚು) ಬೇಗ ಸವೆಯುತ್ತೆ, ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಬರುತ್ತೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದು) ಕಡಿಮೆ ಆಗ್ತಾ ಹೋಗುತ್ತೆ. ತಣ್ಣಗಿದ್ದಾಗ ಹೇಗೋ ಮುಚ್ಕೊಳ್ಳುತ್ತೆ, ಬಿಸಿ ಆದ್ರೆ ವಾಲ್ವ್ ಉದ್ದ ಆಗುತ್ತೆ, ಇದ್ದ ಚೂರು ಗ್ಯಾಪೂ ಹೋಗಿ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ನಿಮ್ಮ ಬೆಳಗ್ಗೆ ಸರಿ, ಆಮೇಲೆ ಮಿಸ್ಸು ಅನ್ನೋದು ಇದೇ. ಹೀಗೇ ಬಿಟ್ರೆ ಇನ್ನೂ ಕಷ್ಟ, ಯಾಕಂದ್ರೆ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನ ಸೀಟಿಗೆ ಕೊಟ್ಟೇ ತಣ್ಣಗಾಗೋದು, ಸೀಟಿಗೆ ಮುಟ್ಟಲ್ಲ ಅಂದ್ರೆ ಅಂಚೇ ಸುಟ್ಟು ಹೋಗುತ್ತೆ, ಆಮೇಲೆ ಅಡ್ಜಸ್ಟ್ ಮಾಡಿ ಉಪಯೋಗ ಇಲ್ಲ. ಇಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ ಕವರ್ ತೆಗೆದು ಫೀಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಎಲೆಗಳು) ಹಾಕಿ ನೋಡಿ.

ಅರ್ಧ ಕ್ಲಚ್:
ಭಾನುವಾರ ತೆಗೆದೆ. ಮ್ಯಾನುವಲಲ್ಲಿ ನನ್ನ ಇಂಜಿನ್ನಿಗೆ ಎಕ್ಸಾಸ್ಟ್ 0.30 ಮಿ.ಮೀ. ಅಂತಿದೆ. 2ರಲ್ಲಿ 0.05ರ ಎಲೆ ಎಳೆದು ಎಳೆದು ಹೋಯ್ತು, 0.10 ತೂರ್ಲೇ ಇಲ್ಲ. ಉಳಿದ ಮೂರರಲ್ಲೂ 0.20 ಹತ್ರ ಬಂದಿತ್ತು. ಪುಣ್ಯಕ್ಕೆ ಸ್ಕ್ರೂ ಮತ್ತೆ ಲಾಕ್‌ನಟ್ ಟೈಪು. ಸಿಲಿಂಡರಿಗೆ ಎರಡರಂತೆ ಎಂಟೂ ಎಕ್ಸಾಸ್ಟ್ ವಾಲ್ವ್ ಸೆಟ್ ಮಾಡ್ದೆ, ನಟ್ ಟೈಟ್ ಮಾಡೋವಾಗ ಸ್ಕ್ರೂನೂ ಜೊತೆಗೆ ತಿರುಗಿ ಎರಡು ಸಲ ಮೊದ್ಲಿಂದ ಮಾಡ್ಬೇಕಾಯ್ತು. ಬಿಸಿಯಲ್ಲಿ ಈಗ 2 ರಲ್ಲಿ 164. ನಡುಕ ಇಲ್ಲ, 200 ಕಿ.ಮೀ. ಆಯ್ತು ಕೋಡ್ ಬಂದಿಲ್ಲ. ಆದ್ರೆ ಮೊದ್ಲಿಗಿಂತ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರ್ತಿದೆ?

ಹಳೇ ಸ್ಪ್ಯಾನರ್:
ಗ್ಯಾಪ್ ಸರಿ ಆಯ್ತಲ್ಲ, ಅಷ್ಟು ಸದ್ದು ಬಂದೇ ಬರುತ್ತೆ, ಅದನ್ನ ಹೋಗಿಸೋಕೆ ಅಂತ ಮತ್ತೆ ಟೈಟ್ ಮಾಡ್ಬೇಡಿ. ಪಕ್ಕದವಷ್ಟು ಆಗದಿದ್ರೂ 164 ಸಾಕು. ಸಾವಿರ ಕಿ.ಮೀ. ಆದ್ಮೇಲೆ 2ನ್ನ ಮತ್ತೆ ಅಳೀರಿ, 0.30 ಅಲ್ಲೇ ನಿಂತಿದ್ರೆ ಗೆದ್ರಿ, ಮತ್ತೆ ಕಡಿಮೆ ಆಗಿದ್ರೆ ಸೀಟ್ ಹೋಗ್ತಿದೆ, ಆವಾಗ ಹೆಡ್ ಇಳಿಸ್ಬೇಕು. ಹೆಡ್ ಮಾತ್ರ, ಇಂಜಿನ್ ಅಲ್ಲ.

ಅರ್ಧ ಕ್ಲಚ್:
ಸರಿ ಗುರುಗಳೇ. ಫೀಲರ್ ಗೇಜ್ ವಾಪಸ್ ಕೊಟ್ಟಿಲ್ಲ, ಗಾಡೀಲೇ ಇದೆ.